ಕಾಯ್ದಿರಿಸಬೇಕಿಲ್ಲದ ರೈಲು: ಇಟಲಿಯ ‘ರೆಜಿಯೊನಾಲೆ’

ಇಟಲಿಯ ಸಣ್ಣ ಊರಿನ ಯಾವ ರೈಲು ನಿಲ್ದಾಣಕ್ಕೆ ಹೋದರೂ ಪ್ಲಾಟ್‌ಫಾರ್ಮಿನ ಗೋಡೆಗೋ ಕಂಬಕ್ಕೋ ಅಂಟಿಕೊಂಡ ಪುಟ್ಟ ಪೆಟ್ಟಿಗೆಯೊಂದು ಸಿಗುತ್ತದೆ. ಕೆಲಸಕ್ಕೆ ಹೊರಟವರು, ಕಾಲೇಜಿನ ಹುಡುಗರು, ತರಕಾರಿ ಚೀಲ ಹಿಡಿದ ಅಜ್ಜಿಯರು ನಡೆಯುತ್ತಲೇ ಕಾಗದದ ಟಿಕೆಟನ್ನು ಅದರ ಬಾಯಿಗೆ ಕೊಡುತ್ತಾರೆ. ಕಟಕ್ ಎಂದು ಸದ್ದಾಗಿ ಟಿಕೆಟಿನ ಮೇಲೆ ದಿನಾಂಕ, ವೇಳೆ ಅಚ್ಚಾಗುತ್ತದೆ. ಅವರ ಪಾಲಿಗೆ ಅದು ಚಪ್ಪಲಿ ಮೆಟ್ಟಿ ಹೊರಡುವಷ್ಟು ಸಹಜ. ಹೊರಗಿನಿಂದ ಬಂದವರಿಗೆ ಮಾತ್ರ ಆ ಪೆಟ್ಟಿಗೆ ಕಾಣುವುದೇ ಇಲ್ಲ. ಟಿಕೆಟ್ ಕೊಂಡಿದ್ದೇವೆ, ದುಡ್ಡು ಕೊಟ್ಟಿದ್ದೇವೆ, ಇನ್ನೇನು ಬೇಕು ಎಂದು ಹತ್ತಿ ಕುಳಿತು ದಂಡ ತೆರುತ್ತಾರೆ.

ಇಟಲಿಯ ಪ್ರಾದೇಶಿಕ ರೈಲನ್ನು ಅರಿಯಲು ಈ ಪೆಟ್ಟಿಗೆಯೇ ಒಳ್ಳೆಯ ಬಾಗಿಲು. ಈ ರೈಲಿಗೆ ತಿಂಗಳುಗಟ್ಟಲೆ ಮೊದಲು ಸೀಟು ಹಿಡಿಯಬೇಕಿಲ್ಲ. ಅದು ಕೇಳುವುದು ಒಂದಿಷ್ಟು ತಿಳಿವಳಿಕೆಯನ್ನು ಮಾತ್ರ.

ಬಾಣದ ರೈಲು, ಊರಿನ ರೈಲು

ಇಟಲಿಯ ಮೊದಲ ರೈಲು ಓಡಿದ್ದು 1839ರ ಅಕ್ಟೋಬರ್ 3ರಂದು, ನೇಪಲ್ಸ್‌ನಿಂದ ಪೋರ್ತಿಚಿಗೆ, ಏಳು ಕಿಲೋಮೀಟರಿಗೆ ತುಸು ಹೆಚ್ಚು ದೂರ. ಆಗಿನ್ನೂ ಇಟಲಿ ಒಂದು ದೇಶವೇ ಆಗಿರಲಿಲ್ಲ. 1905ರಲ್ಲಿ ರೈಲ್ವೆ ಸರ್ಕಾರದ ಕೈಗೆ ಬಂತು. ಇಂದು ಹೆಚ್ಚಿನ ಗಾಡಿಗಳನ್ನು ಓಡಿಸುವುದು ಸರ್ಕಾರಿ ರೈಲ್ವೆ ಸಮೂಹದ ‘ತ್ರೆನಿತಾಲಿಯಾ’ ಕಂಪನಿ.

ಪ್ರವಾಸಿಗರ ಕಣ್ಣಿಗೆ ಮೊದಲು ಬೀಳುವುದು ಗಂಟೆಗೆ 300 ಕಿಲೋಮೀಟರ್ ಓಡುವ ‘ಫ್ರೆಚ್ಚಾರೊಸ್ಸಾ’, ಅಂದರೆ ಕೆಂಪು ಬಾಣ. 2012ರಿಂದ ‘ಇತಾಲೊ’ ಎಂಬ ಖಾಸಗಿ ರೈಲು ಅದಕ್ಕೆ ಪೈಪೋಟಿ ಕೊಡುತ್ತಿದೆ. ಇವುಗಳ ದರ ವಿಮಾನದ ದರದಂತೆ ಏರಿಳಿಯುತ್ತದೆ. ಬೇಗ ಕೊಂಡವರಿಗೆ ಅಗ್ಗ, ಕೊನೆಗಳಿಗೆಯಲ್ಲಿ ಕೊಂಡವರಿಗೆ ದುಬಾರಿ. ಸೀಟಿಗೂ ರೈಲಿಗೂ ಗಂಟು ಹಾಕಿದ ಟಿಕೆಟ್ ಅದು.

ಪ್ರಾದೇಶಿಕ ರೈಲಾದ ‘ರೆಜಿಯೊನಾಲೆ’ಯ ಜಾಡೇ ಬೇರೆ. ಇಟಲಿಯಲ್ಲಿ 20 ಪ್ರಾಂತ್ಯಗಳಿವೆ. 1997ರ ಶಾಸನವೊಂದು ಸ್ಥಳೀಯ ಸಾರಿಗೆಯ ಹೊಣೆಯನ್ನು ಈ ಪ್ರಾಂತ್ಯಗಳಿಗೆ ವಹಿಸಿತು. ಪ್ರಾಂತ್ಯ ಸರ್ಕಾರ ರೈಲು ಕಂಪನಿಯೊಂದಿಗೆ ಕರಾರು ಮಾಡಿಕೊಂಡು, ಹಣ ಕೊಟ್ಟು ಈ ಗಾಡಿಗಳನ್ನು ಓಡಿಸುತ್ತದೆ. ಟಿಕೆಟ್ ದರಕ್ಕೆ ದೂರವೇ ಆಧಾರ. ಒಂದು ತಿಂಗಳ ಮೊದಲು ಕೊಂಡರೂ, ಹೊರಡುವ ಐದು ನಿಮಿಷದ ಮೊದಲು ಕೊಂಡರೂ ದರ ಒಂದೇ. ಸೀಟು ಸಂಖ್ಯೆ ಇಲ್ಲ, ಟಿಕೆಟ್ ಮುಗಿದುಹೋಯಿತೆಂಬ ಮಾತೂ ಇಲ್ಲ. ನಮ್ಮಲ್ಲಿ ಜನರಲ್ ಟಿಕೆಟ್ ಕೊಂಡು ಬೆಂಗಳೂರು–ಮೈಸೂರು ಗಾಡಿ ಹತ್ತಿದವರಿಗೆ ಇದು ಹೊಸದೇನಲ್ಲ.

ಇದರಲ್ಲೂ ಎರಡು ಬಗೆ. ಬರಿಯ ‘ರೆಜಿಯೊನಾಲೆ’ ಸಣ್ಣಪುಟ್ಟ ನಿಲ್ದಾಣಗಳಲ್ಲೆಲ್ಲ ನಿಲ್ಲುತ್ತದೆ. ‘ರೆಜಿಯೊನಾಲೆ ವೆಲೊಚೆ’ ಮುಖ್ಯ ಊರುಗಳಲ್ಲಷ್ಟೇ ನಿಂತು ಬೇಗ ತಲುಪಿಸುತ್ತದೆ. ಫ್ಲಾರೆನ್ಸ್‌ನಿಂದ ಪೀಸಾಕ್ಕೆ ಇದರಲ್ಲಿ ಸುಮಾರು ಒಂದು ಗಂಟೆ. ಗಾಡಿಗಳಿಗೆ ಇಟ್ಟಿರುವ ಹೆಸರುಗಳಂತೂ ಸಂಗೀತದವು: ಮಿನುಯೆತ್ತೊ, ಜಾಜ್, ಸ್ವಿಂಗ್, ಪಾಪ್, ರಾಕ್, ಬ್ಲೂಸ್. ದಿನವೂ ಓಡಾಡುವವರ ಗಾಡಿಗೆ ಹಾಡಿನ ಹೆಸರಿಡುವ ಮನಸ್ಸು ಮೆಚ್ಚುವಂಥದು.

ದೂರದ ಪಯಣಕ್ಕೆ ಮಾತ್ರ ಲೆಕ್ಕ ಹಾಕಬೇಕು. ರೋಮ್‌ನಿಂದ ಫ್ಲಾರೆನ್ಸ್‌ಗೆ ವೇಗದ ರೈಲು ಒಂದೂವರೆ ಗಂಟೆಯಲ್ಲಿ ಮುಟ್ಟಿಸುತ್ತದೆ, ಪ್ರಾದೇಶಿಕ ರೈಲಿಗೆ ಮೂರೂವರೆ–ನಾಲ್ಕು ಗಂಟೆ ಬೇಕು. ಮಹಾನಗರಗಳ ನಡುವೆ ಬಾಣ, ಅಲ್ಲಿಂದ ಸುತ್ತಲಿನ ಊರುಗಳಿಗೆ ರೆಜಿಯೊನಾಲೆ. ಅನುಭವಸ್ಥರು ಯೋಜನೆ ಹಾಕುವುದು ಹೀಗೆ.

ಮೊದಲು ಹೆಸರು ಸರಿಯಿರಲಿ

ಯೋಜನೆಯಲ್ಲಿ ಎಡವುವುದು ಹೆಚ್ಚಾಗಿ ನಿಲ್ದಾಣದ ಹೆಸರಿನಲ್ಲಿ. ಫ್ಲಾರೆನ್ಸ್ ಅಲ್ಲಿ ಫಿರೆಂಜೆ, ವೆನಿಸ್ ವೆನೆಜಿಯಾ, ನೇಪಲ್ಸ್ ನಾಪೊಲಿ, ಮಿಲಾನ್ ಮಿಲಾನೊ. ಒಂದೇ ನಗರಕ್ಕೆ ಹಲವು ನಿಲ್ದಾಣಗಳೂ ಇರುತ್ತವೆ. ವೆನೆಜಿಯಾ ಮೆಸ್ತ್ರೆ ಇರುವುದು ನೆಲದ ಕಡೆ. ಕಾಲುವೆಗಳ ವೆನಿಸ್ ಬೇಕಿದ್ದರೆ 1846ರಲ್ಲಿ ಕಟ್ಟಿದ ಸಮುದ್ರ ಸೇತುವೆ ದಾಟಿ ಸಾಂತಾ ಲುಚಿಯಾದಲ್ಲಿ ಇಳಿಯಬೇಕು. ಫ್ಲಾರೆನ್ಸ್‌ನ ಮುಖ್ಯ ನಿಲ್ದಾಣ 1935ರಲ್ಲಿ ತೆರೆದ ಸಾಂತಾ ಮರಿಯಾ ನೊವೆಲ್ಲಾ. ರೋಮ್‌ನದು ತೆರ್ಮಿನಿ. ಆ ಹೆಸರನ್ನು ‘ಟರ್ಮಿನಸ್’ ಎಂಬುದರ ರೂಪವೆಂದು ಭಾವಿಸುವವರು ಬಹಳ. ಅದು ಬಂದದ್ದು ಎದುರಿಗೇ ಇರುವ ಡಯೊಕ್ಲೀಷಿಯನ್ ಚಕ್ರವರ್ತಿಯ ಸ್ನಾನಗೃಹಗಳಿಂದ.

ರೋಮ್‌ನ ಫಿಯುಮಿಚಿನೊ ವಿಮಾನ ನಿಲ್ದಾಣದಲ್ಲಿ ಇಳಿದ ಕೂಡಲೇ ಈ ತಿಳಿವಳಿಕೆ ಕೆಲಸಕ್ಕೆ ಬರುತ್ತದೆ. ಅಲ್ಲಿಂದ ನೇರ ತೆರ್ಮಿನಿಗೆ ಹೋಗುವುದು ‘ಲಿಯೊನಾರ್ಡೊ ಎಕ್ಸ್‌ಪ್ರೆಸ್’. ಅದೇ ವಿಮಾನ ನಿಲ್ದಾಣದಿಂದ ಹೊರಡುವ ಎಫ್‌ಎಲ್1 ಎಂಬ ಪ್ರಾದೇಶಿಕ ರೈಲಿನ ದರ ಅದಕ್ಕಿಂತ ಬಹಳ ಕಡಿಮೆ. ಆದರೆ ಅದು ತೆರ್ಮಿನಿಗೆ ಹೋಗದೆ ತ್ರಾಸ್ತೆವೆರೆ, ಒಸ್ತಿಯೆನ್ಸೆ, ತಿಬುರ್ತಿನಾ ಮಾರ್ಗವಾಗಿ ಸಾಗುತ್ತದೆ. ಉಳಿಯುವ ಜಾಗ ಯಾವುದಕ್ಕೆ ಹತ್ತಿರವೆಂದು ನೋಡಿ ಗಾಡಿ ಆರಿಸಿಕೊಳ್ಳಬೇಕು.

ನಿಲ್ದಾಣದಲ್ಲಿ ಅಂಟಿಸಿರುವ ವೇಳಾಪಟ್ಟಿಗಳಲ್ಲಿ ಹಳದಿ ಹಾಳೆ ಹೊರಡುವ ಗಾಡಿಗಳದು, ಬಿಳಿ ಹಾಳೆ ಬರುವ ಗಾಡಿಗಳದು. ಹಳದಿಯಲ್ಲಿ ನಿಮ್ಮ ಊರು ದಪ್ಪಕ್ಷರದಲ್ಲಿ ಕಾಣದಿದ್ದರೆ ಗಾಬರಿ ಬೇಡ. ದಪ್ಪಕ್ಷರದಲ್ಲಿರುವುದು ಕೊನೆಯ ನಿಲ್ದಾಣ, ನಡುವಿನ ಊರುಗಳು ಅದರ ಜೊತೆಗೇ ಸಣ್ಣಕ್ಷರದಲ್ಲಿ ಇರುತ್ತವೆ. ಅಷ್ಟು ಓದಲು ಕೆಲವು ಪದ ಸಾಕು. ‘ಪಾರ್ತೆಂಜೆ’ ಎಂದರೆ ನಿರ್ಗಮನ, ‘ಅರ್ರಿವಿ’ ಆಗಮನ, ‘ಬಿನಾರಿಯೊ’ ಗಾಡಿ ನಿಲ್ಲುವ ಹಳಿ, ‘ರಿತಾರ್ದೊ’ ತಡ, ‘ಸೊಪ್ರೆಸ್ಸೊ’ ರದ್ದು. ‘ಫೆರಿಯಾಲಿ’ ಎಂದರೆ ಕೆಲಸದ ದಿನ, ಶನಿವಾರವೂ ಅದರೊಳಗೇ ಸೇರುತ್ತದೆ. ‘ಫೆಸ್ತಿವಿ’ ಎಂದರೆ ಭಾನುವಾರ ಮತ್ತು ಹಬ್ಬಗಳು. ಇವೆರಡನ್ನು ಅದಲುಬದಲು ಮಾಡಿಕೊಂಡರೆ ಇಲ್ಲದ ಗಾಡಿಗೆ ಕಾಯುವ ಪಾಡು.

ಟಿಕೆಟ್ ಎಲ್ಲಿ, ಹೇಗೆ

ಟಿಕೆಟ್ ಕೌಂಟರಿನಲ್ಲಿ, ನಿಲ್ದಾಣದ ಯಂತ್ರದಲ್ಲಿ, ತ್ರೆನಿತಾಲಿಯಾದ ಆ್ಯಪ್‌ನಲ್ಲಿ ಸಿಗುತ್ತದೆ. ಕೌಂಟರೇ ಇಲ್ಲದ ಊರುಗಳಲ್ಲಿ ‘ಟಿ’ ಅಕ್ಷರದ ಫಲಕ ತೂಗುವ ತಬಾಕ್ಕಿ ಅಂಗಡಿ ನೆರವಿಗೆ ಬರುತ್ತದೆ. ಹೊಗೆಸೊಪ್ಪು, ಅಂಚೆಚೀಟಿ ಮಾರುವ ಈ ಅಂಗಡಿಗಳಲ್ಲಿ ಹಲವು ರೈಲು ಟಿಕೆಟನ್ನೂ ಕೊಡುತ್ತವೆ. ಯಂತ್ರಗಳಲ್ಲಿ ಇಂಗ್ಲಿಷ್ ಆರಿಸಿಕೊಳ್ಳಬಹುದು. ಅದರ ಬಳಿ ತಾನಾಗಿ ಸಹಾಯಕ್ಕೆ ಬರುವ ಅಪರಿಚಿತರಿಗೆ ಪರ್ಸ್ ತೋರಿಸದಿರುವುದು ಒಳ್ಳೆಯದು.

ಕಾಗದದ ಟಿಕೆಟ್ ಅದರಲ್ಲಿ ಮುದ್ರಿಸಿದ ದಿನಕ್ಕೆ ಸೇರಿದ್ದು, ಆದರೆ ಆ ದಿನದ ಯಾವುದೋ ಒಂದು ಗಾಡಿಗೆ ಕಟ್ಟುಬಿದ್ದದ್ದಲ್ಲ. ಹಾಗಾಗಿಯೇ ಪೆಟ್ಟಿಗೆಯ ಮುದ್ರೆ ಬೇಕು. ಮುದ್ರೆ ಬೀಳದ ಟಿಕೆಟನ್ನು ದಿನವಿಡೀ ಮತ್ತೆ ಮತ್ತೆ ಬಳಸಬಹುದಲ್ಲವೇ? ಮುದ್ರೆ ಬಿದ್ದ ಗಳಿಗೆಯಿಂದ ಸಾಮಾನ್ಯವಾಗಿ 4 ಗಂಟೆ ಅದಕ್ಕೆ ಆಯುಷ್ಯ. ಪೆಟ್ಟಿಗೆ ಕೆಟ್ಟಿದ್ದರೆ ಹತ್ತಿದ ಕೂಡಲೇ ರೈಲಿನ ಮುಖ್ಯ ಸಿಬ್ಬಂದಿ ‘ಕಾಪೊತ್ರೆನೊ’ನನ್ನು ನೀವೇ ಹುಡುಕಿ ಹೇಳಬೇಕು. ಅವರು ನಿಮ್ಮ ಬಳಿ ಬರುವವರೆಗೆ ಕಾಯುವುದು ತಪ್ಪು ಹೆಜ್ಜೆ.

ಆ್ಯಪ್‌ನಲ್ಲಿ ಕೊಂಡ ಟಿಕೆಟಿಗೆ ಪೆಟ್ಟಿಗೆಯ ಬದಲು ಚೆಕ್-ಇನ್ ಇದೆ. ರೈಲು ಹತ್ತುವ ಮೊದಲು ಮೊಬೈಲಿನಲ್ಲಿ ಅದು ಆಗಿದೆಯೇ ಎಂದು ನೋಡಿಕೊಳ್ಳಿ. ಪಯಣದ ಹಿಂದಿನ ದಿನದವರೆಗೆ ದಿನಾಂಕ ಬದಲಿಸಿಕೊಳ್ಳುವ ಅನುಕೂಲವೂ ಇದಕ್ಕುಂಟು. ಈ ನಿಯಮಗಳು ಆಗಾಗ ತಿದ್ದುಪಡಿಯಾಗುವುದರಿಂದ ಟಿಕೆಟಿನೊಂದಿಗೆ ಬರುವ ಸೂಚನೆಯನ್ನು ಪೂರ್ತಿ ಓದುವ ಅಭ್ಯಾಸ ಇರಲಿ. ಒಂದೇ ಸಮನೆ ತಿರುಗುವವರಿಗೆ ಸತತ 3 ಅಥವಾ 5 ದಿನ ಪ್ರಾದೇಶಿಕ ರೈಲುಗಳಲ್ಲಿ ಓಡಾಡುವ ‘ಇತಾಲಿಯಾ ಇನ್ ಟೂರ್’ ಎಂಬ ಪಾಸನ್ನೂ ತ್ರೆನಿತಾಲಿಯಾ ತಂದಿದೆ.

ಒಂದು ಆ್ಯಪ್‌ಗೆ ದಕ್ಕದ ಹಳಿಗಳು

ಎಲ್ಲ ಪ್ರಾದೇಶಿಕ ರೈಲೂ ತ್ರೆನಿತಾಲಿಯಾದ್ದಲ್ಲ. ಪ್ರವಾಸಿಗರು ಕಂಗೆಡುವುದು ಇಲ್ಲೇ. ಮಿಲಾನ್ ಸುತ್ತಿನ ಲೊಂಬಾರ್ದಿಯಾದಲ್ಲಿ 2011ರಿಂದ ‘ತ್ರೆನೋರ್ದ್’ ಇದೆ. ಪಾಂಪೇಯ ಅವಶೇಷಗಳಿಗೆ ಹೋಗಲು ನೇಪಲ್ಸ್‌ನಿಂದ ಸೊರೆಂತೊ ಕಡೆಯ ‘ಚಿರ್ಕುಂವೆಸುವಿಯಾನಾ’ ಹಿಡಿಯಬೇಕು. ವೆಸುವಿಯಸ್ ಬೆಟ್ಟವನ್ನು ಬಳಸಿ ಹೋಗುವ ಈ ಮಾರ್ಗದಲ್ಲಿ ‘ಪಾಂಪೇ ಸ್ಕಾವಿ’ ಎಂಬಲ್ಲಿ ಇಳಿದರೆ ಉತ್ಖನನದ ಬಾಗಿಲು ಕೆಲವೇ ಹೆಜ್ಜೆ. ಬರಿಯ ‘ಪಾಂಪೇ’ ಎಂಬ ಸರ್ಕಾರಿ ರೈಲು ನಿಲ್ದಾಣ ಬೇರೆಯೇ ಇದೆ.

ಬಂಡೆ ಕೊರೆದ ಮನೆಗಳ ಮತೇರಾ 1993ರಲ್ಲಿ ವಿಶ್ವ ಪರಂಪರೆಯ ತಾಣವಾಯಿತು. ಅಲ್ಲಿಗೆ ಬಾರಿ ನಗರದಿಂದ ಹೋಗುವುದು ‘ಅಪ್ಪುಲೊ ಲುಕಾನೆ’ ಎಂಬ ಬೇರೊಂದು ರೈಲ್ವೆ. ಸಿಸಿಲಿಯಲ್ಲಿ ಎಟ್ನಾ ಜ್ವಾಲಾಮುಖಿಯ ಸುತ್ತ ‘ಚಿರ್ಕುಮೆತ್ನೆಯಾ’ ಇದೆ. 1895ರಲ್ಲಿ ಪೂರ್ಣಗೊಂಡ ಈ ಹಳಿಯ ಅಗಲ 950 ಮಿಲಿಮೀಟರ್. ನಮ್ಮ ಹಳೆಯ ಮೀಟರ್ ಗೇಜ್ ಗಾಡಿಗಳಲ್ಲಿ ತೂಗಾಡಿದವರಿಗೆ ಅದಕ್ಕಿಂತಲೂ ತುಸು ಕಿರಿದಾದ ಈ ಹಳಿ ಹಳೆಯ ನೆನಪು ತರದೆ ಇರದು. ಭಾನುವಾರ ಅಲ್ಲಿ ರೈಲು ಓಡುವುದಿಲ್ಲ. ಇಂಥ ಕಡೆ ಟಿಕೆಟನ್ನು ಆಯಾ ಕಂಪನಿಯಲ್ಲೇ ಕೊಳ್ಳಬೇಕು. ಹೊರಡುವ ಮೊದಲು ‘ಈ ಹಳಿ ಯಾರದು?’ ಎಂದು ಕೇಳಿಕೊಂಡರೆ ಅರ್ಧ ಗೊಂದಲ ತೀರಿದಂತೆ.

ಇನ್ನೊಂದು ಮಾತು ಮುಷ್ಕರದ್ದು. ‘ಶೋಪೆರೊ’ ಅಲ್ಲಿ ಅಪರೂಪವಲ್ಲ, ಆದರೆ ದಿನಾಂಕ ಮೊದಲೇ ಪ್ರಕಟವಾಗಿರುತ್ತದೆ. ಕೆಲಸದ ದಿನಗಳಲ್ಲಿ ಮುಷ್ಕರವಿದ್ದರೂ ಬೆಳಿಗ್ಗೆ 6ರಿಂದ 9 ಹಾಗೂ ಸಂಜೆ 6ರಿಂದ 9ರವರೆಗೆ ಅಗತ್ಯ ಪ್ರಾದೇಶಿಕ ಗಾಡಿಗಳನ್ನು ಓಡಿಸುವ ಕಟ್ಟುಪಾಡಿದೆ. ದುಡಿಯುವವರು ಕೆಲಸಕ್ಕೆ ಹೋಗಿ ಮನೆಗೆ ಮರಳಲಿ ಎಂಬ ಕಾಳಜಿ ಅದರ ಹಿಂದಿದೆ. ವೇಳಾಪಟ್ಟಿ ಜೂನ್ ಮತ್ತು ಡಿಸೆಂಬರ್ ನಡುಭಾಗದಲ್ಲಿ ಬದಲಾಗುತ್ತದೆ ಎಂಬುದೂ ಗಮನದಲ್ಲಿರಲಿ.

ಕಿಟಕಿಯಾಚೆ

ಇಷ್ಟು ಕಲಿತವರಿಗೆ ಸಿಗುವ ಫಲ ದೊಡ್ಡದು. ವೇಗದ ರೈಲು ಸುರಂಗದಲ್ಲಿ ನುಗ್ಗಿ ಊರುಗಳನ್ನು ತಪ್ಪಿಸಿ ಓಡುತ್ತದೆ, ರೆಜಿಯೊನಾಲೆ ಊರುಗಳನ್ನು ಹುಡುಕಿಕೊಂಡು ಹೋಗುತ್ತದೆ. ಲಾ ಸ್ಪೆಜಿಯಾ ಮತ್ತು ಲೆವಾಂತೊ ನಡುವೆ ಐದು ಊರುಗಳ ಚಿಂಕ್ವೆ ತೆರ್ರೆ ಇದೆ. ರಿಯೊಮಜ್ಜೊರೆ, ಮನರೊಲಾ, ಕೊರ್ನಿಲ್ಯಾ, ವೆರ್ನಜ್ಜಾ, ಮೊಂತೆರೊಸ್ಸೊ ಎಂಬ ಆ ಊರುಗಳ ನಡುವೆ ಗಾಡಿ ಕತ್ತಲ ಸುರಂಗದಿಂದ ಹೊರಬಂದಾಗಲೆಲ್ಲ ಒಂದು ಕ್ಷಣ ಕಡಲು ತೆರೆದುಕೊಳ್ಳುತ್ತದೆ. ಕೊರ್ನಿಲ್ಯಾದಲ್ಲಿ ನಿಲ್ದಾಣ ಕೆಳಗೆ, ಊರು ಮೇಲೆ. ನಡುವೆ ಸುಮಾರು 380 ಮೆಟ್ಟಿಲು. ಈ ಮಾರ್ಗಕ್ಕೆ ಪ್ರತ್ಯೇಕ ದರವೂ ದಿನದ ಕಾರ್ಡೂ ಇವೆ, ಒಂದೇ ದಿನ ಹಲವು ಊರು ನೋಡುವವರು ಕಾರ್ಡಿನ ಲೆಕ್ಕ ಹಾಕಿ ನೋಡಬೇಕು. ಮಿಲಾನ್‌ನಿಂದ ತಿರಾನೊಗೆ ಹೋಗುವ ತ್ರೆನೋರ್ದ್ ಗಾಡಿ ಕೊಮೊ ಸರೋವರದ ದಂಡೆಯನ್ನೇ ಹಿಡಿದು ಸಾಗಿ, ಸ್ವಿಟ್ಜರ್ಲೆಂಡಿನ ಬೆರ್ನಿನಾ ಬೆಟ್ಟದ ಕೆಂಪು ರೈಲಿಗೆ ಕೈ ಜೋಡಿಸುತ್ತದೆ.

ನಮ್ಮವರು ಇಟಲಿಗೆ ಹೋಗುವುದು ಬಹುಮಟ್ಟಿಗೆ ಪ್ಯಾಕೇಜ್ ಪ್ರವಾಸದಲ್ಲಿ, ಬಸ್ಸಿನ ಕಿಟಕಿಯಿಂದ. ಅದರಲ್ಲಿ ತಪ್ಪೇನಿಲ್ಲ. ಆದರೂ ನಡುವೆ ಒಂದು ದಿನವನ್ನಾದರೂ ಬಿಡುವಾಗಿ ಇಟ್ಟುಕೊಳ್ಳಿ. ಬೆಳಿಗ್ಗೆ ನಿಲ್ದಾಣಕ್ಕೆ ಹೋಗಿ ಹಳದಿ ಹಾಳೆಯಲ್ಲಿ ಒಂದು ಊರು ಆರಿಸಿ, ಸಂಜೆ ಮರಳುವ ಗಾಡಿಯ ವೇಳೆ ಬರೆದುಕೊಂಡು ಟಿಕೆಟ್ ಕೊಳ್ಳಿ. ಹತ್ತುವ ಮೊದಲು ಗೋಡೆಯ ಮೇಲಿನ ಆ ಪುಟ್ಟ ಪೆಟ್ಟಿಗೆಗೆ ಟಿಕೆಟ್ ತೋರಿಸುವುದನ್ನು ಮಾತ್ರ ಮರೆಯಬೇಡಿ.