ಅಂಧರ ಕಿಸೆಯಲ್ಲಿ ಮಾತನಾಡುವ ನೋಟ್‌ಬುಕ್

ಹೈದರಾಬಾದ್: ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದಲ್ಲಾಗಲಿ, ನಗರದ ಬೇರೆ ಕನ್ನಡ ಸಂಘಗಳ ಸಮಾರಂಭದಲ್ಲಾಗಲಿ ಭಾಷಣ ನಡೆಯುತ್ತಿರುವಾಗ ಯಾರಾದರೂ ಒಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಫೋನಿನ ಮೇಲೆ ಬೆರಳಾಡಿಸುತ್ತ ಕುಳಿತಿದ್ದರೆ 'ಏನ್ರೀ ಇವರು, ಕಾರ್ಯಕ್ರಮಕ್ಕೆ ಬಂದು ಹಾಡು ಕೇಳ್ತಾ ಕೂತಿದ್ದಾರಲ್ಲ' ಎಂದು ಮೂಗು ಮುರಿಯಬೇಡಿ. ಅವರು ಅಂಧರಾಗಿದ್ದರೆ, ಇಡೀ ಸಭಾಂಗಣದಲ್ಲಿ ಭಾಷಣವನ್ನು ಶ್ರದ್ಧೆಯಿಂದ ಬರೆದುಕೊಳ್ಳುತ್ತಿರುವವರು ಬಹುಶಃ ಅವರೊಬ್ಬರೇ ಇರಬಹುದು.

ನಮಗೆ ಬರೆದುಕೊಳ್ಳುವುದು ಒಂದು ಸಂಗತಿಯೇ ಅಲ್ಲ. ಆಮಂತ್ರಣ ಪತ್ರಿಕೆಯ ಹಿಂಬದಿ, ಬಸ್ ಟಿಕೆಟ್, ಕೊನೆಗೆ ಅಂಗೈಯಾದರೂ ಸಾಕು. ವೈದ್ಯರು ಹೇಳಿದ ಮಾತ್ರೆಯ ಹೊತ್ತು, ಬ್ಯಾಂಕಿನ ಖಾತೆ ಸಂಖ್ಯೆ, ಊರಿನಿಂದ ಬರುವ ನೆಂಟರ ರೈಲು ಎಲ್ಲವನ್ನೂ ಗೀಚಿಟ್ಟುಕೊಳ್ಳುತ್ತೇವೆ. ಕಣ್ಣು ಕಾಣದವರು ಇದನ್ನೆಲ್ಲ ನೆನಪಿನಲ್ಲಿ ಇಟ್ಟುಕೊಳ್ಳಬೇಕಿತ್ತು, ಇಲ್ಲವೇ ಇನ್ನೊಬ್ಬರ ಕೈಯಲ್ಲಿ ಬರೆಸಬೇಕಿತ್ತು. ಬರೆಸಿದ್ದನ್ನು ಮತ್ತೆ ಓದಿಸಲು ಇನ್ನೊಬ್ಬರು ಬೇಕು. ತನ್ನ ಟಿಪ್ಪಣಿಯನ್ನು ತಾನೇ ಓದಿಕೊಳ್ಳಲಾಗದಿದ್ದರೆ ಅದು ತನ್ನದು ಹೇಗಾದೀತು? ಖಾತೆಯ ವಿವರ, ಮನೆಯ ವ್ಯವಹಾರದಂಥ ಗುಟ್ಟಿನ ವಿಷಯಗಳಲ್ಲಂತೂ ಈ ಪರಾವಲಂಬನೆ ಎಷ್ಟು ಕಷ್ಟವೆಂದು ಅನುಭವಿಸಿದವರಿಗೇ ಗೊತ್ತು. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ದೃಷ್ಟಿ ದೋಷವುಳ್ಳವರ ಸಂಖ್ಯೆ ಸುಮಾರು 50 ಲಕ್ಷ.

ಸ್ಲೇಟು ಮತ್ತು ಮೊಳೆ

ಅಂಧರಿಗೆ ಸ್ವಂತ ಬರವಣಿಗೆ ಇರಲಿಲ್ಲವೆಂದಲ್ಲ. ಬ್ರೈಲ್ ಲಿಪಿ ಇದೆ. ಮೈಸೂರಿನಲ್ಲಿ ಎಂ. ಶ್ರೀನಿವಾಸರಾಯರು 1901ರಲ್ಲೇ ಅಂಧ ಮತ್ತು ಕಿವುಡ ಮಕ್ಕಳಿಗಾಗಿ ಶಾಲೆ ಆರಂಭಿಸಿದ್ದರು. ಕನ್ನಡಕ್ಕೆಂದು ಮೈಸೂರಿನದೇ ಆದ ಬ್ರೈಲ್ ಸಂಕೇತವೂ ಬಳಕೆಯಲ್ಲಿತ್ತು. ದೇಶದಲ್ಲಿ ಹೀಗೆ ಹತ್ತು ಬಗೆಯ ಸಂಕೇತಗಳಿದ್ದ ಕಾಲದಲ್ಲಿ, 1951ರಲ್ಲಿ, ಎಲ್ಲ ಭಾರತೀಯ ಭಾಷೆಗಳಿಗೂ ಸಲ್ಲುವ 'ಭಾರತಿ ಬ್ರೈಲ್' ರೂಪುಗೊಂಡಿತು.

ಹೈದರಾಬಾದಿನ ಕನ್ನಡಿಗರು ಗಮನಿಸಬೇಕಾದ ಸ್ವಾರಸ್ಯ ಇಲ್ಲಿದೆ. ಭಾರತಿ ಬ್ರೈಲ್‌ನಲ್ಲಿ ಒಂದೇ ಉಚ್ಚಾರದ ಅಕ್ಷರಕ್ಕೆ ಯಾವ ಭಾಷೆಯಲ್ಲಾದರೂ ಒಂದೇ ಚುಕ್ಕಿ ವಿನ್ಯಾಸ. ಕನ್ನಡದ 'ಕ' ಮತ್ತು ತೆಲುಗಿನ 'ಕ' ಎರಡೂ 1 ಮತ್ತು 3ನೇ ಚುಕ್ಕಿಗಳೇ. ಇಂಗ್ಲಿಷಿನ 'ಕೆ' ಅಕ್ಷರವೂ ಅದೇ. ಅಂದರೆ ಇಲ್ಲಿನ ಶಾಲೆಯಲ್ಲಿ ತೆಲುಗು ಬ್ರೈಲ್ ಕಲಿತ ಕನ್ನಡದ ಮಗುವಿಗೆ ಕನ್ನಡದ ಅಕ್ಷರಮಾಲೆ ತಾನಾಗಿಯೇ ಬಂದಂತೆ. ಕಣ್ಣಿರುವ ನಮ್ಮ ಮಕ್ಕಳಿಗೆ ಕನ್ನಡ ಓದಲು ಕಲಿಸುವುದಕ್ಕೆ ನಾವು ಭಾನುವಾರದ ತರಗತಿ ನಡೆಸಿ ಸುಸ್ತಾಗುತ್ತಿರುವಾಗ ಇದು ಸ್ವಲ್ಪ ಹೊಟ್ಟೆಕಿಚ್ಚು ತರಿಸುವ ಸಂಗತಿಯೇ ಸರಿ.

ಆದರೆ ಬರೆಯುವ ಕಷ್ಟ ಸಣ್ಣದಲ್ಲ. ಸ್ಲೇಟು ಎಂಬ ಚೌಕಟ್ಟಿಗೆ ದಪ್ಪ ಕಾಗದ ಸಿಕ್ಕಿಸಿ, ಮೊಳೆಯಂಥ ಸ್ಟೈಲಸ್‌ನಿಂದ ಒಂದೊಂದೇ ಚುಕ್ಕಿ ಚುಚ್ಚಬೇಕು. ಉಬ್ಬು ಕಾಗದದ ಆಚೆ ಬದಿಯಲ್ಲಿ ಮೂಡುವುದರಿಂದ ಬರೆಯುವುದು ಬಲದಿಂದ ಎಡಕ್ಕೆ, ಅದೂ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ. ಬರೆದದ್ದನ್ನು ಓದಲು ಕಾಗದ ತೆಗೆದು ತಿರುಗಿಸಬೇಕು. ತಪ್ಪಾದರೆ ಚುಕ್ಕಿಯನ್ನು ಉಗುರಿನಿಂದ ಒತ್ತಿ ಅಳಿಸಬೇಕು. ಸಭೆಯ ನಡುವೆ ಟಕಟಕ ಸದ್ದು ಬೇರೆ. ನಮ್ಮ ಒಂದು ಪುಟ್ಟ ಪುಸ್ತಕ ಬ್ರೈಲ್‌ನಲ್ಲಿ ದಪ್ಪ ಸಂಪುಟಗಳಾಗುತ್ತದೆ.

ಇನ್ನೊಂದು ಮಾತು. ನಮ್ಮ ಸಂಘಗಳ ಹಿರಿಯ ಸದಸ್ಯರಲ್ಲಿ ದೃಷ್ಟಿ ಕಳೆದುಕೊಳ್ಳುವವರು ಬಹುಪಾಲು ಸಕ್ಕರೆ ಕಾಯಿಲೆಯಿಂದಲೋ ಗ್ಲಾಕೋಮಾದಿಂದಲೋ ಅರವತ್ತರ ನಂತರ ಕಳೆದುಕೊಂಡವರು. ಮೂವತ್ತು ವರ್ಷ ಬ್ಯಾಂಕಿನಲ್ಲೋ ಕಾರ್ಖಾನೆಯಲ್ಲೋ ಲೆಕ್ಕ ಬರೆದ ಕೈಗೆ ಆ ವಯಸ್ಸಿನಲ್ಲಿ ಬ್ರೈಲ್ ಹಿಡಿಸುವುದು ಕಷ್ಟ. ಸಕ್ಕರೆ ಕಾಯಿಲೆ ಇದ್ದವರಿಗೆ ಬೆರಳ ತುದಿಯ ಸ್ಪರ್ಶವೂ ಮಂದವಾಗಿರುತ್ತದೆ. ಇಂಥವರಿಗೆ ಉಳಿದ ದಾರಿ ಕಿವಿ.

ಫೋನು ಮಾತನಾಡತೊಡಗಿತು

2000ರ ದಶಕದಲ್ಲಿ ನೋಕಿಯಾದ ಸಿಂಬಿಯನ್ ಫೋನುಗಳಿಗೆ 'ಟಾಕ್ಸ್', 'ಮೊಬೈಲ್ ಸ್ಪೀಕ್' ಎಂಬ ತಂತ್ರಾಂಶಗಳಿದ್ದವು. ಅವನ್ನು ಬೇರೆಯಾಗಿ ಹಣ ಕೊಟ್ಟು ಕೊಳ್ಳಬೇಕಿತ್ತು. 2009ರಲ್ಲಿ ಸ್ಥಿತಿ ಬದಲಾಯಿತು. ಅದೇ ವರ್ಷ ಐಫೋನಿನಲ್ಲಿ 'ವಾಯ್ಸ್‌ಓವರ್', ಆಂಡ್ರಾಯ್ಡ್‌ನಲ್ಲಿ 'ಟಾಕ್‌ಬ್ಯಾಕ್' ಬಂದವು, ಎರಡಕ್ಕೂ ಪ್ರತ್ಯೇಕ ಬೆಲೆ ಇಲ್ಲ. ಟಾಕ್‌ಬ್ಯಾಕ್ ರೂಪಿಸಿದ ಗೂಗಲ್ ತಂಡದಲ್ಲಿದ್ದ ಟಿ.ವಿ. ರಾಮನ್ ಪುಣೆಯವರು, 14ನೇ ವಯಸ್ಸಿನಲ್ಲಿ ಗ್ಲಾಕೋಮಾದಿಂದ ಪೂರ್ತಿ ದೃಷ್ಟಿ ಕಳೆದುಕೊಂಡವರು. ಬೇಕಾದವರೇ ತಯಾರಿಸಿದ ಸಾಧನವಾದ್ದರಿಂದ ಅದು ಬೇಕಾದ ಹಾಗೆಯೇ ಬಂದಿದೆ ಎನ್ನಬಹುದು.

ಇದರ ಕೆಲಸ ಹೀಗೆ. ಬೆರಳು ಪರದೆಯ ಮೇಲೆ ಎಲ್ಲಿ ಹೋದರೂ ಅಲ್ಲಿರುವುದನ್ನು ಫೋನು ಓದಿ ಹೇಳುತ್ತದೆ. ಬೇಕಾದದ್ದು ಸಿಕ್ಕಾಗ ಎರಡು ಬಾರಿ ತಟ್ಟಿದರೆ ಅದು ತೆರೆದುಕೊಳ್ಳುತ್ತದೆ. ಬೆರಳನ್ನು ಬಲಕ್ಕೆ ಸವರಿದರೆ ಮುಂದಿನದು, ಎಡಕ್ಕೆ ಸವರಿದರೆ ಹಿಂದಿನದು. ಟಿಪ್ಪಣಿಯನ್ನು ಸಾಲು ಸಾಲಾಗಿ, ಪದ ಪದವಾಗಿ, ಅಕ್ಷರ ಅಕ್ಷರವಾಗಿ ಓದಿಸಬಹುದು. ಅಭ್ಯಾಸವಾದವರು ಓದಿನ ವೇಗವನ್ನು ಎಷ್ಟು ಏರಿಸಿಕೊಂಡಿರುತ್ತಾರೆಂದರೆ ಪಕ್ಕದಲ್ಲಿ ಕುಳಿತ ನಮಗೆ ಅದು ಜೇನುನೊಣದ ಗುಂಯ್‌ಗುಟ್ಟುವಿಕೆಯಂತೆ ಕೇಳಿಸುತ್ತದೆ.

ಟಿಪ್ಪಣಿಗೆಂದು ಅಂಧರಿಗೇ ಮೀಸಲಾದ ಆಪ್ ಬೇಕಾಗಿಲ್ಲ. 2013ರಲ್ಲಿ ಬಂದ ಗೂಗಲ್ ಕೀಪ್, ಐಫೋನಿನ ಸ್ವಂತ ನೋಟ್ಸ್, ಸರಳವಾದ ಸಿಂಪಲ್‌ನೋಟ್ ಇಂಥವು ಸಾಕು. ಇಲ್ಲಿ ಸರಳತೆಯೇ ಗುಣ. ಬರೆದದ್ದು ತಾನಾಗಿ ಉಳಿಯಬೇಕು, ಹುಡುಕಿದರೆ ಸಿಗಬೇಕು, ಪ್ರತಿ ಗುಂಡಿಗೂ ಓದಬಲ್ಲ ಹೆಸರಿರಬೇಕು. ಚಿತ್ರ ಅಂಟಿಸಿ, ಎಲ್ಲೆಂದರಲ್ಲಿ ಬರೆಯಬಹುದಾದ ಮೈಕ್ರೋಸಾಫ್ಟ್ ಒನ್‌ನೋಟ್‌ನಂಥವು ನಮಗೆ ಚೆಂದ. ಕಿವಿಯಲ್ಲಿ ಓದುವವರಿಗೆ ಒಂದೇ ಪುಟದಲ್ಲಿ ಚದುರಿದ ಚೌಕಗಳ ನಡುವೆ ದಾರಿ ತಪ್ಪುತ್ತದೆ. ಒಂದೇ ಆಪ್ ನಂಬಿ ಕೂರುವುದೂ ಜಾಣತನವಲ್ಲ. ಎವರ್‌ನೋಟ್ 2023ರ ಡಿಸೆಂಬರ್‌ನಲ್ಲಿ ಉಚಿತ ಬಳಕೆದಾರರಿಗೆ 50 ಟಿಪ್ಪಣಿಗಳ ಮಿತಿ ಹಾಕಿಬಿಟ್ಟಿತು.

ಆಪ್ ಸರಿಯಿದೆಯೇ ಎಂದು ತಿಳಿಯಲು ಸುಲಭ ಪರೀಕ್ಷೆಯಿದೆ. ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ ಆಕ್ಸೆಸಿಬಿಲಿಟಿ ವಿಭಾಗದಲ್ಲಿ ಟಾಕ್‌ಬ್ಯಾಕ್ ಆನ್ ಮಾಡಿ, ಕಣ್ಣು ಮುಚ್ಚಿ ಒಂದು ಸಾಲು ಬರೆದು ನೋಡಿ. ಆಪ್ ಬರೀ 'ಬಟನ್', 'ಬಟನ್' ಎಂದಷ್ಟೇ ಹೇಳುತ್ತಿದ್ದರೆ ಅದನ್ನು ಮಾಡಿದವರು ಗುಂಡಿಗಳಿಗೆ ಹೆಸರಿಟ್ಟಿಲ್ಲ ಎಂದರ್ಥ. ಯಾವುದು ಉಳಿಸುವ ಗುಂಡಿ, ಯಾವುದು ಅಳಿಸುವ ಗುಂಡಿ ಎಂಬುದು ದೇವರಿಗೇ ಗೊತ್ತು. (ಪರೀಕ್ಷೆ ಮುಗಿಸಿ ಟಾಕ್‌ಬ್ಯಾಕ್ ಆಫ್ ಮಾಡುವಾಗಲೂ ಎರಡು ಬಾರಿ ತಟ್ಟಬೇಕೆಂಬುದನ್ನು ಮರೆಯಬೇಡಿ. ಮರೆತು ಗಾಬರಿಯಾಗಿ ಮೊಮ್ಮಕ್ಕಳನ್ನು ಕೂಗುವವರೇ ಹೆಚ್ಚು.)

ಕನ್ನಡದಲ್ಲಿ ಬರೆಯುವ ಬಗೆ

ಕನ್ನಡದಲ್ಲಿ ಬರೆಯಲು ಮೂರು ದಾರಿಗಳಿವೆ. ಮೊದಲನೆಯದು ಬಾಯಿ. ಗೂಗಲ್ 2017ರ ಆಗಸ್ಟ್‌ನಲ್ಲಿ ಕನ್ನಡವೂ ಸೇರಿದಂತೆ 8 ಭಾರತೀಯ ಭಾಷೆಗಳಿಗೆ ಧ್ವನಿ ಬರವಣಿಗೆ ತಂದಿತು. ಕೀಬೋರ್ಡಿನ ಮೈಕ್ ಒತ್ತಿ ಹೇಳಿದರೆ ಅಕ್ಷರವಾಗುತ್ತದೆ. ಹಿರಿಯರಿಗೆ ಇದೇ ಸುಲಭ. ಆದರೆ ನಾವು ಹೈದರಾಬಾದಿನವರು ಒಂದೇ ವಾಕ್ಯದಲ್ಲಿ ಕನ್ನಡ, ತೆಲುಗು, ದಖನಿ, ಇಂಗ್ಲಿಷ್ ಎಲ್ಲ ಬೆರೆಸುವವರಾದ್ದರಿಂದ ಯಂತ್ರ ಆಗಾಗ ತಬ್ಬಿಬ್ಬಾಗುತ್ತದೆ. ಊರಿನ ಹೆಸರು, ಮನೆತನದ ಹೆಸರುಗಳನ್ನು ಒಮ್ಮೆ ಅಕ್ಷರಕ್ಷರವಾಗಿ ಕೇಳಿ ತಿದ್ದಿಕೊಳ್ಳಬೇಕು. ಸಭೆಯಲ್ಲಿ, ಬ್ಯಾಂಕಿನ ಸಾಲಿನಲ್ಲಿ ನಿಂತು ಗಟ್ಟಿಯಾಗಿ ಹೇಳುವಂತೆಯೂ ಇಲ್ಲ.

ಎರಡನೆಯದು ಪರದೆಯ ಕನ್ನಡ ಕೀಬೋರ್ಡು. ಬೆರಳು ಜಾರಿಸುತ್ತ ಅಕ್ಷರ ಕೇಳಿ, ಬೇಕಾದ ಕಡೆ ಬೆರಳೆತ್ತಿದರೆ ಅದು ಬೀಳುತ್ತದೆ. ನಿಧಾನ, ಆದರೆ ಕರಾರುವಾಕ್ಕು. 'ಭಕ್ತ' ಎಂದು ಬರೆಯಲು 'ಭ', 'ಕ', ಅರ್ಧಾಕ್ಷರದ ಚಿಹ್ನೆ, 'ತ' ಎಂದು ನಾಲ್ಕು ಕಡೆ ಹುಡುಕಬೇಕು. ಒತ್ತಕ್ಷರಗಳಿಗೆ ಹೆಸರಾದ ಭಾಷೆ ನಮ್ಮದು!

ಮೂರನೆಯದು ಬ್ರೈಲ್ ಕೀಬೋರ್ಡು. ಐಫೋನಿನಲ್ಲಿ 2014ರಿಂದ, ಟಾಕ್‌ಬ್ಯಾಕ್‌ನಲ್ಲಿ 2020ರಿಂದ ಇದೆ. ಫೋನನ್ನು ಅಡ್ಡಲಾಗಿ, ಪರದೆ ಹೊರಮುಖವಾಗಿ ಹಿಡಿದು, ಎರಡೂ ಕೈಯ ಮೂರು ಮೂರು ಬೆರಳುಗಳಿಂದ ಆರು ಚುಕ್ಕಿಗಳನ್ನು ಒತ್ತುವುದು. ಒಂದು ಅಕ್ಷರಕ್ಕೆ ಒಂದೇ ಒತ್ತು, ತಿರುವುಮುರುವಿಲ್ಲ, ಸದ್ದಿಲ್ಲ. ಶಾಲೆಯಲ್ಲಿ ಸ್ಲೇಟು ಹಿಡಿದು ಕಲಿತವರ ವೇಗ ಇಲ್ಲಿ ನೋಡಬೇಕು. ಯಾವ ಯಾವ ಭಾಷೆಗಳ ಬ್ರೈಲ್ ಸಿಗುತ್ತದೆಂಬುದು ಫೋನಿನ ಆವೃತ್ತಿಯ ಮೇಲೆ ಹೋಗುತ್ತದೆ, ಸೆಟ್ಟಿಂಗ್ಸ್‌ನಲ್ಲಿ ನೋಡಿಕೊಳ್ಳಬೇಕು.

ಓದಲು ಕನ್ನಡದ ದನಿಯನ್ನು ಫೋನಿಗೆ ಇಳಿಸಿಕೊಂಡಿರಬೇಕು. ಗೂಗಲ್‌ನ ದನಿಯೂ ಇದೆ, ಉಚಿತವಾದ ಇ-ಸ್ಪೀಕ್ ಕೂಡ ಕನ್ನಡ ಓದುತ್ತದೆ. ಅದರ ಉಚ್ಚಾರ ಸ್ವಲ್ಪ ಯಾಂತ್ರಿಕ, ಆದರೆ ಚುರುಕು. ಕನ್ನಡ, ತೆಲುಗು ಲಿಪಿಗಳು ಕಣ್ಣಿಗೆ ಅಕ್ಕತಂಗಿಯರಂತೆ ಕಂಡರೂ ಫೋನಿನ ಲೆಕ್ಕದಲ್ಲಿ ಪೂರ್ತಿ ಬೇರೆ. ತೆಲುಗು ದನಿ ಕನ್ನಡ ಓದದು. ಇಲ್ಲಿ ನೆಲೆಸಿರುವವರು ಎರಡನ್ನೂ ಹಾಕಿಸಿಕೊಳ್ಳುವುದು ಒಳ್ಳೆಯದು.

ತೊಡಕು ಇರುವುದು ನಮ್ಮ ಕಡೆ

ಹೀಗೆ ಅಂಧರು ತಮ್ಮ ಟಿಪ್ಪಣಿಯನ್ನು ತಾವೇ ಬರೆದು ತಾವೇ ಓದುವ ಕಾಲ ಬಂದಾಯಿತು. ಆದರೆ ಸಂಘದ ಸುತ್ತೋಲೆಯನ್ನು ಆ ಟಿಪ್ಪಣಿಯ ಪಕ್ಕದಲ್ಲಿ ಸೇರಿಸಿಟ್ಟುಕೊಳ್ಳೋಣವೆಂದರೆ ಆಗುತ್ತಿಲ್ಲ. ಕಾರಣ ನಾವೇ.

ರಾಜ್ಯೋತ್ಸವದ ಆಮಂತ್ರಣ, ವಾರ್ಷಿಕ ಸಭೆಯ ಸೂಚನೆ, ನಿಧನ ವಾರ್ತೆ ಎಲ್ಲವೂ ಈಗ ವಾಟ್ಸ್ಆಪ್‌ನಲ್ಲಿ ಬಣ್ಣ ಬಣ್ಣದ ಚಿತ್ರವಾಗಿ ಬರುತ್ತವೆ. ನಮಗೆ ಹೂವಿನ ಅಂಚು, ಭುವನೇಶ್ವರಿಯ ಚಿತ್ರ ಕಾಣುತ್ತದೆ. ಟಾಕ್‌ಬ್ಯಾಕ್‌ಗೆ ಅದು ಬರೀ 'ಫೋಟೋ'. ಚಿತ್ರದೊಳಗಿನ ಅಕ್ಷರ ಓದಿಸುವ ಆಪ್‌ಗಳಿವೆ ನಿಜ, ಆದರೆ ಅಲಂಕಾರದ ಕನ್ನಡ ಅಕ್ಷರ ಬಂದರೆ ಅವು ಎಡವುತ್ತವೆ. ದಿನಾಂಕ, ವೇಳೆಯಲ್ಲಿ ಎಡವಿದರೆ ಗತಿಯೇನು?

ಎರಡನೆಯ ತೊಡಕು ಹಳೆಯ ನುಡಿ, ಬರಹ ಫಾಂಟುಗಳು. ಸಂಘಗಳ ಕಚೇರಿಗಳಲ್ಲಿ ನಡಾವಳಿ, ಸ್ಮರಣ ಸಂಚಿಕೆಗಳೆಲ್ಲ ವರ್ಷಾನುಗಟ್ಟಲೆ ಇವುಗಳಲ್ಲೇ ಟೈಪ್ ಆಗಿವೆ. ಕನ್ನಡವನ್ನು ಕಂಪ್ಯೂಟರಿಗೆ ತಂದ ಉಪಕಾರ ಅವುಗಳದೇ. ಆದರೆ ಆ ಹಳೆಯ ಫಾಂಟುಗಳಲ್ಲಿ ಕಣ್ಣಿಗೆ ಕಾಣುವುದು ಮಾತ್ರ ಕನ್ನಡ, ಕಡತದ ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ನುಡಿ ಫಾಂಟಿನಲ್ಲಿ ಬರೆದ 'ಕನ್ನಡ' ಎಂಬ ಮೂರಕ್ಷರದ ಪದದೊಳಗೆ ಇಂಗ್ಲಿಷಿನ 'ಪಿ', 'ಕ್ಯೂ' ಅಕ್ಷರಗಳೂ ಬ್ರಿಟನ್ನಿನ ಪೌಂಡ್ ನಾಣ್ಯದ ಚಿಹ್ನೆಯೂ ಕುಳಿತಿವೆ. ಅಂಧರ ಫೋನು ಪ್ರಾಮಾಣಿಕವಾಗಿ ಅದನ್ನೇ ಓದುತ್ತದೆ: ಪಿ, ಎ, ಪೌಂಡ್... ನಮ್ಮ ಭಾಷೆಯ ಹೆಸರನ್ನೇ ಪೌಂಡ್ ಎಂದು ಕೇಳಿಸಿಕೊಳ್ಳುವುದೆಂದರೆ!

ಇದಕ್ಕೆ ಪರಿಹಾರ ಯೂನಿಕೋಡ್. ಫೋನಿನಲ್ಲಿ ಟೈಪ್ ಮಾಡುವ ಕನ್ನಡವೆಲ್ಲ ಯೂನಿಕೋಡ್ ಆಗಿಯೇ ಇರುತ್ತದೆ. ನುಡಿ, ಬರಹಗಳ ಹೊಸ ಆವೃತ್ತಿಗಳಲ್ಲೂ ಆ ಸೌಲಭ್ಯವಿದೆ. ಹಳೆಯ ಕಡತವನ್ನು ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ.

ಇದನ್ನು ಉಪಕಾರವೆಂದು ಯಾರೂ ಭಾವಿಸಬೇಕಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮಾಹಿತಿ ಎಲ್ಲರಿಗೂ ಎಟುಕುವಂತಿರಬೇಕೆಂದು ಹೇಳುತ್ತದೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟು ಡಿಜಿಟಲ್ ಸೌಲಭ್ಯಗಳನ್ನು ಬಳಸುವ ಅವಕಾಶ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೇ ಎಂದು ತೀರ್ಪು ನೀಡಿದೆ.

ಮನೆಯಲ್ಲಿ ಇತ್ತೀಚೆಗೆ ದೃಷ್ಟಿ ಕಳೆದುಕೊಂಡ ಹಿರಿಯರಿದ್ದರೆ 'ಇನ್ನು ಇಷ್ಟೇ' ಎಂದು ಫೋನನ್ನು ಅವರ ಕೈಯಿಂದ ತೆಗೆದಿಡಬೇಡಿ. ಬಂಜಾರಾ ಹಿಲ್ಸ್‌ನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯಲ್ಲಿ ಚಿಕಿತ್ಸೆಯ ಜೊತೆಗೆ ಪುನರ್ವಸತಿ ವಿಭಾಗವೂ ಇದೆ. ಸಿಕಂದರಾಬಾದಿನ ಮನೋವಿಕಾಸ ನಗರದಲ್ಲಿ ಅಂಧರಿಗಾಗಿ ಇರುವ ಡೆಹ್ರಾಡೂನಿನ ರಾಷ್ಟ್ರೀಯ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ. ಮಕ್ಕಳಿಗಾದರೆ ಬೇಗಂಪೇಟೆಯ ದೇವ್‌ನಾರ್ ಅಂಧ ಶಾಲೆ. ಮುಂದೆ ಅಮೆರಿಕದ ಎಂಐಟಿಯಲ್ಲಿ ಓದಿ ಬಂದು ಇದೇ ನಗರದಲ್ಲಿ ಉದ್ಯಮ ಸ್ಥಾಪಿಸಿದ ಶ್ರೀಕಾಂತ್ ಬೊಲ್ಲ ಕಲಿತದ್ದು ಅಲ್ಲಿಯೇ. ಹೋಗುವ ಮುನ್ನ ಯಾವ ತರಬೇತಿ ಯಾವಾಗ ಇದೆ ಎಂದು ವಿಚಾರಿಸಿಕೊಳ್ಳಿ.

ಮುಂದಿನ ಕಾರ್ಯಕ್ರಮದ ಆಮಂತ್ರಣ ಹಂಚುವ ಕಾರ್ಯದರ್ಶಿಗಳಲ್ಲಿ ಒಂದು ವಿನಂತಿ. ಬಣ್ಣದ ಚಿತ್ರ ಇರಲಿ, ಬೇಡವೆನ್ನುವುದಿಲ್ಲ. ಅದರ ಕೆಳಗೆ ದಿನಾಂಕ, ವೇಳೆ, ಸ್ಥಳ, ಅತಿಥಿಗಳ ಹೆಸರು, ಸಂಪರ್ಕಿಸಬೇಕಾದ ಫೋನ್ ಸಂಖ್ಯೆ ಇಷ್ಟನ್ನು ಮಾತ್ರ ಕನ್ನಡದಲ್ಲಿ ಟೈಪ್ ಮಾಡಿ ಕಳಿಸಿ. ಐದು ಸಾಲು ಸಾಕು.