ಹುಟ್ಟಿನಿಂದಲೆ ಅಪರಾಧಿ

ವಿಜಯಪುರದಿಂದ ತಿಕೋಟದ ಮೇಲೆ ಹಾಯ್ದು ಕನಮಡಿಗೆ ಹೋದವರಿಗೆ ಮಹಾರಾಷ್ಟ್ರದ ಎಲ್ಲೆ ದೂರವಲ್ಲ. ಅದರಾಚೆಯ ಜತ್ತದ ಪೇಟೆಗೆ ಹೋಗಿಬರಲು ಇಂದು ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ಇದೇ ಸೀಮೆಯಲ್ಲಿ ಕೆಲವು ಕುಲದವರು ಗೊತ್ತುಪಡಿಸಿದ ಮೇರೆಯನ್ನು ದಾಟಲು ರಹದಾರಿ ಪಡೆಯಬೇಕಾಗಿದ್ದ ಕಾಲವೊಂದಿತ್ತು. ಅವರು ಮಾಡಿದ ತಪ್ಪಾದರೂ ಏನು ಎಂದು ಕೇಳುಗರು ಪ್ರಶ್ನಿಸಬಹುದು. ಆ ಕುಲದಲ್ಲಿ ಹುಟ್ಟಿದ್ದು, ಅಷ್ಟೆ.

ಬ್ರಿಟಿಷ್ ಸರಕಾರವು 1871ರಲ್ಲಿ ಉತ್ತರ ಹಿಂದೂಸ್ಥಾನಕ್ಕೆಂದು ಮಾಡಿದ ಅಪರಾಧಿ ಬುಡಕಟ್ಟುಗಳ ಕಾಯಿದೆಯು 1911ರಲ್ಲಿ ಮುಂಬಯಿ ಆಧಿಪತ್ಯಕ್ಕೂ, ಅದರೊಂದಿಗೆ ಆಗಿನ ಬಿಜಾಪುರ ಜಿಲ್ಲೆಗೂ ಹಬ್ಬಿತು. ಬಡಗಿಯ ಮಗನು ಬಡಗಿಯಾಗುವಂತೆ ಕಳ್ಳನ ಮಗನು ಕಳ್ಳನೇ ಆಗುವನೆಂಬುದು ಅದರ ಪ್ರತಿಪಾದಕರ ತರ್ಕ. ಗಂಟಿಚೋರರು, ಹರಣಶಿಕಾರಿಗಳು, ಕೊರಚರು, ಛಪ್ಪರಬಂದರು ಮೊದಲಾದವರು ಪಟ್ಟಿಗೆ ಸೇರಿದರು. ಇವರಲ್ಲಿ ಕೊರಚರು ಎತ್ತು ಕತ್ತೆಗಳ ಮೇಲೆ ಉಪ್ಪು ಧಾನ್ಯಗಳನ್ನು ಹೇರಿ ಊರೂರಿಗೆ ಮುಟ್ಟಿಸುತ್ತಿದ್ದವರು. ರೈಲು ಬಂದು ಆ ವ್ಯಾಪಾರ ಮುರಿದಮೇಲೆ ಅವರ ಅಲೆದಾಟವಷ್ಟೇ ಸರಕಾರದ ಕಣ್ಣಿಗೆ ಬಿತ್ತು.

ಕಾಯಿದೆಯ ನಡೆಯನ್ನು ತುಸು ನಿಧಾನವಾಗಿ ನೋಡಬೇಕು. ಸರಕಾರ ಪ್ರಕಟಣೆ ಹೊರಡಿಸಿದರೆ ಸಾಕು, ಒಂದು ಕುಲವೇ ಅಪರಾಧಿ. ಆ ಪ್ರಕಟಣೆಯನ್ನು ಯಾವ ನ್ಯಾಯಾಲಯವೂ ಪ್ರಶ್ನಿಸುವಂತಿಲ್ಲ. ಹೆಸರು ದಾಖಲು, ಬೆರಳಚ್ಚು, ಹೊತ್ತುಹೊತ್ತಿಗೆ ಹಾಜರಿ. ರಹದಾರಿಯಿಲ್ಲದೆ ಸಿಕ್ಕಿಬಿದ್ದವನಿಗೆ ಶಿಕ್ಷೆ. ಬೇರೆ ಯಾರಿಗೂ ಅಪರಾಧವಲ್ಲದ ನಡಿಗೆ ಅವನಿಗೆ ಮಾತ್ರ ಅಪರಾಧ! ಆ ಶಿಕ್ಷೆಯೂ ಲೆಕ್ಕಕ್ಕೆ ಸೇರಿ, ನೋಡಿರಿ, ಈ ಜನ ಅಪರಾಧಿಗಳೇ ಸರಿ ಎಂಬುದಕ್ಕೆ ಸಾಕ್ಷಿಯಾಯಿತು. ತಾನೇ ಹುಟ್ಟಿಸಿದ ಅಪರಾಧವನ್ನು ಕಾನೂನು ತಾನೇ ಎಣಿಸಿಕೊಂಡಿತು.

ಮುಂದೆ ಬಿಜಾಪುರ, ಹುಬ್ಬಳ್ಳಿ, ಗದಗ, ಸೊಲ್ಲಾಪುರಗಳಲ್ಲಿ ಇವರಿಗಾಗಿ ವಸಾಹತುಗಳೆದ್ದವು. ಸ್ಟಾರ್ಟೆ ಎಂಬ ಐ.ಸಿ.ಎಸ್. ಅಧಿಕಾರಿ ಬಿಜಾಪುರದಲ್ಲಿದ್ದು ಈ ಕಾರ್ಯವನ್ನು ನಡೆಸಿದ. ಶಾಲೆ, ಮಗ್ಗ, ಗಿರಣಿಯ ಕೆಲಸ ಎಲ್ಲವೂ ಇದ್ದುವು. ನಡೆಸಿದವರೆಲ್ಲ ಕ್ರೂರಿಗಳೆಂದು ನಾನು ಹೇಳಲಾರೆ. ಆದರೆ ಆರು ವರ್ಷ ದಾಟಿದ ಮಗುವನ್ನು ತಾಯಿತಂದೆಗಳಿಂದ ಬೇರ್ಪಡಿಸುವ ಅಧಿಕಾರವನ್ನೂ ಅದೇ ಕಾಯಿದೆ ಕೊಟ್ಟಿತ್ತು. ಹುಬ್ಬಳ್ಳಿಯಲ್ಲಿ ಇಂದಿಗೂ ಆ ಜಾಗಕ್ಕೆ ಸೆಟ್ಲಮೆಂಟ್ ಎಂದೇ ಹೆಸರು.

1952ರಲ್ಲಿ ಭಾರತ ಸರಕಾರ ಈ ಕಾಯಿದೆಯನ್ನು ರದ್ದುಮಾಡಿತು. ಅದರ ಸ್ಥಾನಕ್ಕೆ ಪ್ರಾಂತಪ್ರಾಂತಗಳಲ್ಲಿ ರೂಢಿಗತ ಅಪರಾಧಿಗಳ ಕಾಯಿದೆಗಳು ಬಂದವು, ನಮ್ಮದು 1961ರದು. ಇವು ವ್ಯಕ್ತಿಯನ್ನು ನೋಡುತ್ತವೆ, ಕುಲವನ್ನಲ್ಲ ಎನ್ನುತ್ತಾರೆ. ಆದರೂ ಸುಪ್ರೀಂ ಕೋರ್ಟು 2024ರ ಅಕ್ಟೋಬರಿನಲ್ಲಿ, ಸೆರೆಮನೆಯ ಕೈಪಿಡಿಗಳಲ್ಲಿ ಉಳಿದಿದ್ದ ಜಾತಿಭೇದದ ನಿಯಮಗಳನ್ನು ತೆಗೆದುಹಾಕಬೇಕಾಯಿತು.

ಇನ್ನು ಹೆಸರಿನ ಮಾತು. ಗಂಟಿಚೋರ ಎಂಬ ಶಬ್ದವು ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿದೆ. ಶಾಲೆಗೆ ಸೇರುವ ಹುಡುಗಿ ವಿದ್ಯಾರ್ಥಿವೇತನ ಬೇಕಾದರೆ, ಚೋರ ಎಂಬ ಆ ಮಾತನ್ನು ತನ್ನ ಕೈಯಿಂದಲೇ ಅರ್ಜಿಯಲ್ಲಿ ಬರೆಯಬೇಕು.