ಎದೆಯುರಿಗೆ ಮನೆಯ ಮದ್ದು

ಮಿರ್ಚಿ-ಮಂಡಕ್ಕಿ ಎಂದೊಡನೆ ಕೊಟ್ಟೂರು ನೆನಪಾಗುವಷ್ಟು ಆ ತಿನಿಸು ನಮ್ಮ ಸೀಮೆಯಲ್ಲಿ ಹೆಸರಾಗಿದೆ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಲ್ಲಿಯೂ ಸಂಜೆಯಾಯಿತೆಂದರೆ ಎಣ್ಣೆಯ ಬಾಣಲೆಯ ಮುಂದೆ ಜನ ಸೇರುತ್ತಾರೆ. ತಿನ್ನುವಾಗ ನಾಲಗೆಗೆ ಹಿತ. ಆದರೆ ರಾತ್ರಿಯೂಟ ಮುಗಿಸಿ ಒರಗಿದ ಮೇಲೆ ಎದೆಯ ನಡುವೆ ಕೆಂಡವಿಟ್ಟಂತಾಗುವುದೂ, ಹುಳಿತೇಗು ಗಂಟಲವರೆಗೆ ಬರುವುದೂ ಅನೇಕರ ಅನುಭವ. ಪಿತ್ತ ಏರಿತೆಂದು ಹಿರಿಯರೂ, ಗ್ಯಾಸ್ ಆಯಿತೆಂದು ಕಿರಿಯರೂ ಹೇಳುವುದುಂಟು. ಹಾಗಾದರೆ ನಿಜವಾಗಿ ಉರಿಯುವುದು ಯಾವುದು?

ಅನ್ನವನ್ನು ಅರಗಿಸಲು ಜಠರದಲ್ಲಿ ಹೈಡ್ರೋಕ್ಲೋರಿಕ್ ಆಮ್ಲವೆಂಬ ತೀಕ್ಷ್ಣವಾದ ರಸ ಊರುತ್ತದೆ. ಅದನ್ನು ತಾಳಿಕೊಳ್ಳಲು ಜಠರದ ಒಳಗೋಡೆಗೆ ದಪ್ಪನಾದ ಲೋಳೆಯ ಹೊದಿಕೆಯಿದೆ. ಬಾಯಿಂದ ಜಠರಕ್ಕೆ ಇಳಿಯುವ ಅನ್ನನಾಳಕ್ಕೆ ಅಷ್ಟು ರಕ್ಷಣೆಯಿಲ್ಲ. ಇವೆರಡೂ ಕೂಡುವಲ್ಲಿ ಸ್ನಾಯುವಿನ ಒಂದು ಉಂಗುರವಿದ್ದು, ಚೀಲದ ಬಾಯಿ ಬಿಗಿದ ದಾರದಂತೆ ಕೆಲಸಮಾಡುತ್ತದೆ. ಅದು ಸಡಿಲಾದರೆ ಆಮ್ಲ ಮೇಲಕ್ಕೇರಿ ಅನ್ನನಾಳವನ್ನು ಸುಡುತ್ತದೆ. ಹೊಟ್ಟೆ ಬಿರಿಯುವಂತೆ ಉಣ್ಣುವುದು, ಜಿಡ್ಡಿನ ಪದಾರ್ಥ, ತಂಬಾಕು, ಮದ್ಯ, ಬೊಜ್ಜು ಇವೆಲ್ಲ ಇದಕ್ಕೆ ದಾರಿ. ಬಸುರಿಯರಲ್ಲಿಯೂ ಇದು ಸಾಮಾನ್ಯ.

ಕಾರಣ ತಿಳಿದರೆ ಮದ್ದೂ ತಿಳಿಯಿತು. ಆಮ್ಲವು ತನ್ನ ಜಾಗದಲ್ಲಿಯೇ ಇರುವಂತೆ ನೋಡಿಕೊಳ್ಳುವುದೇ ಮೊದಲ ಚಿಕಿತ್ಸೆ. ಊಟಕ್ಕೂ ನಿದ್ರೆಗೂ ನಡುವೆ ಎರಡು ಮೂರು ಗಂಟೆ ಬಿಡುವಿರಲಿ. ಹಬ್ಬದ ದಿನ ಹೋಳಿಗೆಯುಂಡು ಒಡನೆಯೇ ಅಡ್ಡಾಗುವ ಅಭ್ಯಾಸ ಒಳ್ಳೆಯದಲ್ಲ. ಮಂಚದ ತಲೆಗಡೆಯ ಕಾಲುಗಳಿಗೆ ಇಟ್ಟಿಗೆಯನ್ನೋ ಮರದ ತುಂಡನ್ನೋ ಭದ್ರವಾಗಿ ಕೊಟ್ಟು ಆರರಿಂದ ಎಂಟು ಅಂಗುಲ ಎತ್ತರಿಸಿದರೆ ರಾತ್ರಿಯ ಉರಿ ತಗ್ಗುತ್ತದೆ. ದಿಂಬುಗಳನ್ನು ಪೇರಿಸಿದರೆ ಸೊಂಟ ಬಾಗಿ ಹೊಟ್ಟೆ ಒತ್ತುವುದೇ ಹೊರತು ಅಷ್ಟು ಪ್ರಯೋಜನವಿಲ್ಲ. ಎಡಮಗ್ಗುಲಿಗೆ ಮಲಗುವುದು ಮೇಲು. ಉಡಿದಾರ, ಪಂಚೆ, ಸೀರೆಯ ಕಟ್ಟು ಸಡಿಲವಾಗಿರಲಿ. ಜೋಳದ ರೊಟ್ಟಿಯನ್ನು ದೂರಬೇಕಾಗಿಲ್ಲ. ಅದರೊಡನೆ ಬರುವ ಕೆಂಪು ಖಾರ, ಎಣ್ಣೆಗಾಯಿಗಳ ಪ್ರಮಾಣವನ್ನು ಗಮನಿಸಿದರಾಯಿತು. ಎಲ್ಲರಿಗೂ ಒಂದೇ ಪದಾರ್ಥ ಆಗದೆಂದಿಲ್ಲ. ತನಗೆ ಯಾವುದು ಒಗ್ಗದೆಂಬುದನ್ನು ಎರಡು ವಾರ ಬರೆದಿಟ್ಟುಕೊಂಡರೆ ತಾನೇ ತಿಳಿಯುತ್ತದೆ.

ಇನ್ನು ಅಡುಗೆಮನೆಯ ಮಾತು. ಊಟದ ಮೇಲೆ ಬಡೇಸೋಪನ್ನು ನಿಧಾನವಾಗಿ ಜಗಿದರೆ ಬಾಯಲ್ಲಿ ಜೊಲ್ಲು ಹೆಚ್ಚುತ್ತದೆ. ಜೊಲ್ಲಿಗೆ ಆಮ್ಲವನ್ನು ತಣಿಸುವ ಗುಣವಿರುವುದರಿಂದ ನುಂಗಿದಷ್ಟೂ ಅನ್ನನಾಳ ತೊಳೆದಂತಾಗುತ್ತದೆ. ತಣ್ಣನೆಯ ಹಾಲು ಆ ಗಳಿಗೆಗೆ ತಂಪು. ಆದರೆ ಸ್ವಲ್ಪ ಹೊತ್ತಿನ ಮೇಲೆ ಅದೇ ಮತ್ತಷ್ಟು ಆಮ್ಲವನ್ನು ಊರಿಸುವುದುಂಟು. ಹುಳಿಯಿಲ್ಲದ ನೀರುಮಜ್ಜಿಗೆ, ಜೀರಿಗೆಯ ಕಷಾಯ ಹಲವರಿಗೆ ಒಗ್ಗುತ್ತವೆ. ಹಿತವೆನಿಸಿದರೆ ಕುಡಿಯಬಹುದು, ರೋಗ ಕಳೆಯಿತೆಂದು ತಿಳಿಯಬಾರದು. ಪುದೀನ ಮಾತ್ರ ಮೇಲೆ ಹೇಳಿದ ಉಂಗುರವನ್ನೇ ಸಡಿಲಿಸಬಲ್ಲದು.

ಅಡುಗೆ ಸೋಡಾ ಆಮ್ಲವನ್ನು ತಕ್ಷಣ ಅಡಗಿಸುವುದು ನಿಜ. ಆದರೆ ಅರ್ಧ ಚಮಚೆ ಸೋಡಾದಲ್ಲಿ ಸುಮಾರು 600 ಮಿಲಿಗ್ರಾಂ ಸೋಡಿಯಂ ಇದೆ. ದಿನವೊಂದಕ್ಕೆ ಬೆಳೆದವರಿಗೆ 2,000 ಮಿಲಿಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ರಕ್ತದೊತ್ತಡ, ಮೂತ್ರಪಿಂಡ, ಹೃದಯದ ತೊಂದರೆಯುಳ್ಳವರೂ ಬಸುರಿಯರೂ ಇದರ ತಂಟೆಗೆ ಹೋಗದಿರುವುದೇ ಲೇಸು. ಮೈಕೈ ನೋವಿಗೆಂದು ಅಂಗಡಿಯಿಂದ ತಂದು ನುಂಗುವ ಮಾತ್ರೆಗಳು ಕೂಡ ಜಠರವನ್ನು ಕೆಡಿಸುತ್ತವೆಂಬುದು ನೆನಪಿರಲಿ.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಮಾತು. ಎದೆಯಲ್ಲಿ ಆದದ್ದೆಲ್ಲ ಎದೆಯುರಿಯಲ್ಲ. ಎದೆಯ ಮೇಲೆ ಭಾರ ಹೇರಿದಂತೆ ಬಿಗಿತ, ತಣ್ಣನೆಯ ಬೆವರು, ಉಸಿರುಗಟ್ಟುವಿಕೆ, ತೋಳಿಗೋ ದವಡೆಗೋ ಹರಿಯುವ ನೋವು ಕಂಡರೆ ಅದು ಹೃದಯಾಘಾತವಿರಬಹುದು. ಸಕ್ಕರೆ ಕಾಯಿಲೆಯವರಲ್ಲಿಯೂ ಹೆಂಗಸರಲ್ಲಿಯೂ ಅದು ಬರೀ ಮೇಲುಹೊಟ್ಟೆಯ ಸಂಕಟವಾಗಿ ತೋರುವುದುಂಟು. ಆಗ ಗ್ಯಾಸ್ ಎಂದು ಸೋಡಾ ಕುಡಿಸಿ ಬೆಳಗಿನವರೆಗೆ ಕಾಯುವುದು ಪ್ರಾಣಕ್ಕೆ ಅಪಾಯ. ರಾಜ್ಯದಲ್ಲಿ 2008ರಲ್ಲಿ ಆರಂಭವಾದ 108 ಆಂಬುಲೆನ್ಸಿಗೆ ಒಡನೆಯೇ ಕರೆಮಾಡಿ, ಆಸ್ಪತ್ರೆಯಲ್ಲಿ ಇ.ಸಿ.ಜಿ. ತೆಗೆಸಬೇಕು. ಪರೀಕ್ಷೆಯಲ್ಲಿ ಬರೀ ಎದೆಯುರಿಯೆಂದು ತಿಳಿದರೆ ನಷ್ಟವೇನೂ ಇಲ್ಲ.

ನುಂಗಲು ಕಷ್ಟವಾಗುವುದು, ರಕ್ತವಾಂತಿ, ಡಾಂಬರಿನಂಥ ಕಪ್ಪು ಮಲ, ಕಾರಣವಿಲ್ಲದೆ ಮೈ ಇಳಿಯುವುದು ಇವು ಕೂಡ ವೈದ್ಯರ ಬಳಿ ಹೋಗಲೇಬೇಕಾದ ಸೂಚನೆಗಳು. ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚಾಗಿ ಉರಿ ಕಾಣಿಸುತ್ತಿದ್ದರೆ ಮನೆಮದ್ದಿನಲ್ಲಿಯೇ ದಿನ ದೂಡದೆ ಅವರನ್ನು ಕಾಣುವುದು ಒಳ್ಳೆಯದು. ಉಳಿದವರು ಈ ರಾತ್ರಿಯಿಂದಲೇ ಊಟವನ್ನು ಸ್ವಲ್ಪ ಬೇಗ ಮುಗಿಸಿ ನೋಡಬಹುದು.